ಬಿಲ್ಲೆ ನೋಡು, ಮುಖ ನೋಡಬೇಡ

೭ ಆಗಸ್ಟ್ ೧೯೭೧, ಶನಿವಾರ

ರಜ ಸಿಕ್ಕಿತು. ಕೇಳಿದ್ದು ಒಂದು ದಿನ, ಕೊಟ್ಟದ್ದು ಎರಡು ದಿನ, ಅದೂ ಸಂಬಳ ಸಮೇತ. ಮಂಗಳವಾರ ನನ್ನ ಹೆಂಡತಿ ರಮಾಮಣಿಯ ವರ್ಷಾಬ್ದಿಕ ಎಂದು ನಾನು ಹೇಳಿ ಮುಗಿಸುವ ಮೊದಲೇ ಮಾಲೀಕ ಅನಂತರಾಮು ಕುರ್ಚಿಯಿಂದ ಅರ್ಧ ಎದ್ದು ಕಣ್ಣು ಮುಚ್ಚಿ ಕೈ ಮುಗಿದ.

"ವೈದಿಕ ಅಂದ್ರೆ ನಾನು ಯಾವತ್ತಾದ್ರೂ ಇಲ್ಲ ಅಂದಿದೀನೇನೋ ಸೀನ? ಸೋಮವಾರ, ಮಂಗಳವಾರ ಎರಡೂ ತಗೋ. ಸಂಬಳ ಹಿಡಿಯಲ್ಲ. ಸಾಂಗವಾಗಿ ಮಾಡು."

"ಥ್ಯಾಂಕ್ ಯು ಸರ್" ಎಂದೆ. ಅಂದುಬಿಟ್ಟೆ! ಹಲಸೂರಿನ ಈ ರಟ್ಟಿನ ಡಬ್ಬಿ ಕಾರ್ಖಾನೆಯ ಗೇಟಿನಲ್ಲಿ ಒಂಬತ್ತು ವರ್ಷ ಟೈಂಕೀಪರಾಗಿ ಕೂತವನ ನಾಲಿಗೆ, ತಾನಾಗಿಯೇ ಅಂದುಬಿಡುತ್ತದೆ.

ಹೋದ ಶ್ರಾವಣದಲ್ಲಿ ಇದೇ ಕೋಣೆಯಲ್ಲಿ, ಇದೇ ಮೇಜಿನ ಮುಂದೆ ನಿಂತು ನಾನು ಎರಡೇ ದಿನ ಕೇಳಿದ್ದೆ. ರಮಾಮಣಿಗೆ ವಿಷಮಶೀತ ಜ್ವರ ಬಂದು ಹದಿನಾರನೆಯ ದಿನ. ಆವತ್ತು ಇವನು ಕಣ್ಣು ಮುಚ್ಚಲಿಲ್ಲ. "ಎಲ್ರಿಗೂ ಬದಲಿ ಇದಾರೆ. ಟೈಂಕೀಪರ್‌ಗೆ ಬದಲಿ ಯಾರೋ? ನೀನು ಗೇಟಲ್ಲಿ ಇಲ್ದಿದ್ರೆ ಕೆಲ್ಸ ಶುರುವಾಗೋದು ಹೆಂಗೆ? ರೂಲು ಎಲ್ರಿಗೂ ಒಂದೇ" ಎಂದಿದ್ದ. ಮಾರನೆಯ ಬೆಳಿಗ್ಗೆ ಹೊರಟೆ. "ಹೋಗ್ಬನ್ನಿ, ಬಾಗ್ಲು ಮುಂದಕ್ಕೆ ಎಳ್ಕೊಳ್ಳಿ, ಗಾಳಿ" ಎಂದಳು. ಮಧ್ಯಾಹ್ನ ಪಕ್ಕದ ಮನೆಯ ಮಂಜುಳಮ್ಮ ಕಾರ್ಖಾನೆಯ ಗೇಟಿಗೇ ಓಡಿಬಂದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

ಸತ್ತವಳಿಗೆ ಎರಡು ದಿನ. ಸಾಯುತ್ತಿದ್ದವಳಿಗೆ ಒಂದು ಗಂಟೆಯೂ ಇಲ್ಲ.

ಬರುತ್ತ ದಾರಿಯಲ್ಲಿ ಈ ದಿನಚರಿ ಪುಸ್ತಕ ಕೊಂಡೆ. ಅನಂತರಾಮು ಇಂಟರ್‌ಮೀಡಿಯೆಟ್‌ನಲ್ಲಿ ನನ್ನ ಬೆಂಚಿನವನೇ, ಪಕ್ಕದಲ್ಲಿ ಕೂರುತ್ತಿದ್ದವನು. ನನ್ನ ಇಂಗ್ಲಿಷ್ ಕಾಂಪೊಸಿಷನ್ ನೋಡಿ ಬರೆದು ಅವನು ಪಾಸಾದ, ನಾನು ಗಣಿತದಲ್ಲಿ ಫೇಲಾದೆ. ಅವನ ಮಾವ ಕಾರ್ಖಾನೆ ಕೊಟ್ಟ, ಅವನು ನನಗೆ ಗೇಟಿನ ಸ್ಟೂಲು ಕೊಟ್ಟ. ಅದಕ್ಕೆಲ್ಲ ನನ್ನ ತಕರಾರಿರಲಿಲ್ಲ. ಈಗ ಇದೆ. ಐ ವಿಲ್ ಫಿನಿಷ್ ಹಿಮ್. ವಿಲ್ಲೋ ಶ್ಯಾಲೋ ಮರೆತಿದ್ದೇನೆ. ಅರ್ಥ ಮರೆತಿಲ್ಲ.

೧೧ ಆಗಸ್ಟ್, ಬುಧವಾರ

ಕರ್ಮ ಮುಗಿಯಿತು. ಊಟವಾದ ಮೇಲೆ ಬ್ರಾಹ್ಮಣರನ್ನು ತೃಪ್ತಿಯಾಯಿತೇ ಎಂದು ಕೇಳಬೇಕು, ಕೇಳಿದೆ. ಆಯಿತೆಂದರು. ನನ್ನನ್ನು ಯಾರೂ ಕೇಳಲಿಲ್ಲ.

ಅನಂತರಾಮುವನ್ನು ಏನು ಮಾಡಬಹುದು ಎಂದು ದರ್ಭೆ ಹಿಡಿದುಕೊಂಡೇ ಯೋಚಿಸಿದೆ. ಪಾಯಿಂಟ್ ನಂಬರ್ ಒನ್, ಬೆಂಕಿ. ರಟ್ಟು ಚೆನ್ನಾಗಿ ಉರಿಯುತ್ತದೆ. ಆದರೆ ವಿಮೆಯವರು ಅವನಿಗೆ ಹೊಸ ಕಾರ್ಖಾನೆ ಕಟ್ಟಿಸಿಕೊಡುತ್ತಾರೆ. ಪಾಯಿಂಟ್ ನಂಬರ್ ಟೂ, ಅವನ ಕಪಾಳಕ್ಕೆ ಎರಡು. ಐವತ್ತಮೂರು ವರ್ಷದ ನನ್ನ ಕೈ ನನಗೇ ಗೊತ್ತು. ಪಾಯಿಂಟ್ ನಂಬರ್ ತ್ರೀ: ಅವನಿಗೆ ತುಂಬ ಪ್ರಿಯವಾದದ್ದನ್ನು ಕಿತ್ತುಕೊಳ್ಳುವುದು. ಅವನಿಗೆ ಹೆಂಡತಿಗಿಂತ, ದೇವರಿಗಿಂತ ಪ್ರಿಯವಾದದ್ದು ಆ ರೂಲು. ಕಾಯಿಲೆಗೆ ರಜವಿಲ್ಲ, ಮೂರು ದಿನ ಬಾರದಿದ್ದರೆ ಹೆಸರು ಹೊಡೆದುಹಾಕು, ಕಾರಣ ಕೇಳಬೇಡ.

ವಠಾರದ ಕೃಷ್ಣಸ್ವಾಮಿ ಸರ್ಕಾರಿ ಕಾರ್ಖಾನೆಯವರು. ಜ್ವರ ಬಂದರೆ ಮನೆಯಲ್ಲಿ ಹೊದ್ದು ಮಲಗುತ್ತಾರೆ, ಸಂಬಳ ತಾನಾಗಿ ಬರುತ್ತದೆ. ಮೆಡಿಕಲ್ ಲೀವ್ ಅಂತೆ. ನಮ್ಮಲ್ಲಿ ಇರುವುದು ಹದಿನೇಳು ಜನ. ಇಪ್ಪತ್ತಾದರೆ ಕಾಯಿಲೆಗೆ ದುಡ್ಡು ಕೊಡಿಸುವ ಇಎಸ್‌ಐ ಕಾನೂನು ಬಂದು ತಗಲಿಕೊಳ್ಳುತ್ತದೆಂದು ಅನಂತರಾಮು ಹದಿನೇಳಕ್ಕೇ ಬಾಗಿಲು ಹಾಕಿದ್ದಾನೆ.

ಕಾಯಿಲೆಗೆ ಸಂಬಳದ ರಜ. ಇದನ್ನು ಅವನ ಗಂಟಲಿಗೆ ತುರುಕುತ್ತೇನೆ. ಆ ಹದಿನೇಳು ಜನರ ಮೇಲೆ ನನಗೇನೂ ಅಂಥ ಪ್ರೀತಿಯಿಲ್ಲ. ಅಂಟು ಮೆತ್ತಿಕೊಂಡ ಜನ, ಗಲಾಟೆಯ ಜನ. ಆದರೆ ಅರ್ಜಿಗೆ ಸಹಿ ಬೇಕು.

೧೬ ಆಗಸ್ಟ್, ಸೋಮವಾರ

ಬೆಳಿಗ್ಗೆ ಏಳನೆಯ ನಂಬರಿನ ಬಿಲ್ಲೆ ಹಿಡಿದು ಶಮೀಮ್ ಬಂದಳು. ಏಳು ಅವಳದಲ್ಲ, ಅವಳ ತಂಗಿ ಬದ್ರುನ್ನೀಸಾಳದು. ಬದ್ರುನ್ನೀಸಾಗೆ ವಾಂತಿಯಂತೆ.

ಹೊರಗಿನವರಿಗೆ ಇದು ಅರ್ಥವಾಗದು. ಒಬ್ಬೊಬ್ಬರಿಗೂ ನಂಬರು ಹೊಡೆದ ಒಂದೊಂದು ಹಿತ್ತಾಳೆ ಬಿಲ್ಲೆ ಇದೆ. ಬಂದಾಗ ನನ್ನ ಹಲಗೆಯ ಮೊಳೆಗೆ ತಗಲಿಸಬೇಕು. ಬಿಲ್ಲೆ ಇದ್ದರೆ ಹಾಜರಿ ಪುಸ್ತಕದಲ್ಲಿ 'ಪಿ' ಎಂದು ಬರೆಯುತ್ತೇನೆ, ಪ್ರೆಸೆಂಟ್. ಕಾಯಿಲೆ ಬಿದ್ದವರು ಅಕ್ಕನನ್ನೋ ಅತ್ತೆಯನ್ನೋ ನಾದಿನಿಯನ್ನೋ ಬಿಲ್ಲೆ ಕೊಟ್ಟು ಕಳಿಸುತ್ತಾರೆ. ಬದಲಿ. ದಿನ ಮುರಿಯುವುದಿಲ್ಲ, ಹೆಸರು ಉಳಿಯುತ್ತದೆ, ಡಬ್ಬಿಗಳೂ ಆಗುತ್ತವೆ. ಮೊದಲ ವಾರವೇ ನಾನು ಒಬ್ಬಳನ್ನು ತಡೆದಾಗ ಅನಂತರಾಮು ಒಳಗೆ ಕರೆದು ಹೇಳಿದ್ದ: "ಬಿಲ್ಲೆ ನೋಡು ಸೀನ, ಮುಖ ನೋಡ್ಬೇಡ."

ನೋಡಲಿಲ್ಲ. ಒಂಬತ್ತು ವರ್ಷ.

ಊಟದ ಬಿಡುವಿನಲ್ಲಿ ಅರ್ಜಿ ಓದಿದೆ. 'ವಿ ದಿ ಅಂಡರ್‌ಸೈನ್ಡ್ ಮೋಸ್ಟ್ ಹಂಬ್ಲಿ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟೀಸ್' ಎಂದು ಶುರು. ಗಂಭೀರವಾಗಿ ಬಂದಿದೆ. ರಟ್ಟು ಕತ್ತರಿಸುವ ಮಷೀನಿನ ಮುನಿಆಂಜನಪ್ಪ ಮುದ್ದೆ ಮುರಿಯುತ್ತ ಕೇಳಿದ.

"ಚಂದಾಗೈತೆ ಅಯ್ನೋರೇ. ಏನಂತ?"

"ಕಾಯಿಲೆ ಬಿದ್ರೆ ಸಂಬಳದ ರಜ ಕೊಡಿ ಅಂತ."

"ಅಷ್ಟೇಯಾ? ಅದ್ಕೆ ಇಷ್ಟುದ್ದ ಬೈಬೇಕಾ ಅವ್ರನ್ನ?"

ಎಲ್ಲರೂ ನಕ್ಕರು. ಸಹಿ, ಹೆಬ್ಬೆಟ್ಟು ಹದಿನಾರು ಬಿದ್ದವು. ಏಳನೆಯ ನಂಬರು ಬಾಕಿ.

೩೦ ಆಗಸ್ಟ್, ಸೋಮವಾರ

ಅರ್ಜಿ ಕಾರ್ಮಿಕ ಇಲಾಖೆಗೆ ಹೋಯಿತು. ಅನಂತರಾಮುವಿಗೆ ನೋಟೀಸು ಬಂತು. ನನ್ನ ಕೈಬರಹ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಗೇಟಿನ ಹತ್ತಿರ ಬಂದು ನಿಂತು, "ಕಾಂಪೊಸಿಷನ್ ಚೆನ್ನಾಗಿದೆ ಕಣೋ, ಆಗಿನ ಹಾಗೇ ಇದೆ" ಎಂದು ಬೆನ್ನು ತಟ್ಟಿದ. ಬೈದಿದ್ದರೆ ಹಿತವಾಗಿರುತ್ತಿತ್ತು.

ಅರ್ಜಿ ಹೋಗುವ ಮೊದಲು ಬದ್ರುನ್ನೀಸಾಳೂ ಕೊನೆಗೆ ಹೆಬ್ಬೆಟ್ಟು ಒತ್ತಿದ್ದಳು. ಒತ್ತಿದ ಮೇಲೆ ಬೆರಳನ್ನು ನನ್ನ ಮೇಜಿನ ಬಟ್ಟೆಗೇ ಒರೆಸಿದಳು. ಪೊಗರು.

೧೩ ಸೆಪ್ಟೆಂಬರ್, ಸೋಮವಾರ

ಇವತ್ತು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಮೊದಲನೆಯ ಸಭೆ. ನಮ್ಮ ಕಡೆಯಿಂದ ನಾನು, ಮುನಿಆಂಜನಪ್ಪ, ಬದ್ರುನ್ನೀಸಾ. ಅನಂತರಾಮು ಒಬ್ಬನೇ ಬಂದ, ವಕೀಲನನ್ನೂ ಕರೆತರಲಿಲ್ಲ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ತಂದಿದ್ದ. ಮೇಜಿನ ಮೇಲೆ ಬಿಚ್ಚಿದ. ಒಂಬತ್ತು ಹಾಜರಿ ಪುಸ್ತಕಗಳು.

"ಸ್ವಾಮಿ, ಒಂಬತ್ತು ವರ್ಷದ್ದು. ಎಲ್ಲಿ ಬೇಕಾದ್ರೂ ತೆಗೀರಿ. ಒಬ್ರೂ ಒಂದು ದಿನ ಕಾಯಿಲೆ ಬಿದ್ದಿಲ್ಲ. ಇಲ್ದಿರೋ ಕಾಯಿಲೆಗೆ ರಜ ಕೇಳ್ತಿದಾರೆ."

ಅಧಿಕಾರಿ ಪುಟ ತಿರುವಿದರು. ಪಿ, ಪಿ, ಪಿ, ಪಿ. ಭಾನುವಾರದ ಕೆಂಪು ಗೆರೆ, ಮತ್ತೆ ಪಿ, ಪಿ. ಚಿತ್ತಿಲ್ಲ, ಕಾಟಿಲ್ಲ. ನನ್ನ ಅಕ್ಷರ ಮುತ್ತಿನ ಹಾಗೆ ಎಂದು ಕಾಲೇಜಿನಲ್ಲೂ ಹೇಳುತ್ತಿದ್ದರು.

"ಅಕ್ಷರ ಯಾರದು?"

"ಮೈನ್, ಸರ್."

"ಅರ್ಜಿ?"

"ಮೈನ್, ಸರ್."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎರಡ್ರಲ್ಲಿ ಯಾವುದ್ನ ನಂಬ್ಲಿ ನಾನು?"

ಅನಂತರಾಮು ಕೆಂಪು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದ. ನಗಲಿಲ್ಲ. ಅಷ್ಟು ಬುದ್ಧಿವಂತ. ಮುಂದಿನ ತಿಂಗಳು ಹನ್ನೊಂದಕ್ಕೆ ಮತ್ತೆ ಬರಬೇಕಂತೆ.

೧೪ ಸೆಪ್ಟೆಂಬರ್

ಲಾಜಿಕ್ ಕ್ಲಾಸಿನ ಮೇಜರ್ ಪ್ರೆಮಿಸ್: ಮನುಷ್ಯರೆಲ್ಲರೂ ಕಾಯಿಲೆ ಬೀಳುತ್ತಾರೆ. ಮೈನರ್ ಪ್ರೆಮಿಸ್: ಅನಂತರಾಮುವಿನ ಕಾರ್ಖಾನೆಯಲ್ಲಿ ಯಾರೂ ಕಾಯಿಲೆ ಬಿದ್ದಿಲ್ಲ. ಕನ್‌ಕ್ಲೂಷನ್: ಅಲ್ಲಿ ಮನುಷ್ಯರಿಲ್ಲ. ಬರೆದವನು ಶ್ರೀನಿವಾಸ, ಟೈಂಕೀಪರ್.

೧೯ ಸೆಪ್ಟೆಂಬರ್, ಭಾನುವಾರ

ಉಪಾಯ ಹೊಳೆಯಿತು. ಪುಸ್ತಕ ಸುಳ್ಳೆಂದು ಸಾಬೀತು ಮಾಡಬೇಕು. ಕಾಯಿಲೆಯವರ ಹತ್ತಿರ ಆಸ್ಪತ್ರೆಯ ಚೀಟಿ ಇದ್ದೇ ಇರುತ್ತದೆ, ಚೀಟಿಯಲ್ಲಿ ತಾರೀಖು ಇರುತ್ತದೆ. ಆ ತಾರೀಖಿಗೆ ನನ್ನ ಪುಸ್ತಕದಲ್ಲಿ ಪಿ. ಒಬ್ಬಳೇ ಹೆಂಗಸು ಆಸ್ಪತ್ರೆಯ ಮಂಚದಲ್ಲೂ ಅಂಟಿನ ಮೇಜಿನಲ್ಲೂ ಇರುವುದು ಹೇಗೆ? ಮಾಲೀಕನೇ ಹೇಳಿ ಸುಳ್ಳು ಬರೆಸಿದ ಎಂದು ಬೇರೆ ದೂರು ಕೊಟ್ಟರೆ ಅನಂತರಾಮು ಕೋರ್ಟಿನ ಕಟಕಟೆಯಲ್ಲಿ! ಬರೆದ ನಾನೂ ಪಕ್ಕದಲ್ಲೇ ನಿಲ್ಲಬೇಕಾದೀತು. ನಿಲ್ಲುತ್ತೇನೆ. ಅಲ್ಲಿಂದ ಅವನ ಮುಖ ಚೆನ್ನಾಗಿ ಕಾಣುತ್ತದೆ.

ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಬದ್ರುನ್ನೀಸಾಳ ಮನೆ. ಗಂಡ ಖಾದರ್ ಮಾರುಕಟ್ಟೆಯ ಮುಂದೆ ಹಣ್ಣಿನ ತಳ್ಳುಗಾಡಿಯವನು, ಮೆತ್ತನೆಯ ಮನುಷ್ಯ. ನನ್ನನ್ನು ಕಂಡು ಗಾಬರಿಯಾಗಿ ಇದ್ದ ಒಂದೇ ಕುರ್ಚಿಯನ್ನು ಎರಡು ಸಲ ಒರೆಸಿದ. ಅವಳು ಒರೆಸಲಿಲ್ಲ.

"ಚೀಟಿ ಯಾತಕ್ಕೆ ಸಾಬ್?"

ಹೇಳಿದೆ.

"ಅಂದ್ರೆ ನಾನು ಬಂದಿಲ್ಲ, ಅಕ್ಕ ಬಂದ್ಳು, ಪಗಾರ್ ನಾನು ತಗೊಂಡೆ, ಹಂಗೆ ಸರ್ಕಾರದ ಮುಂದೆ ಹೇಳ್ಬೇಕು. ಆಮೇಲೆ ಸೇಠು ನನ್ನ ಕಳ್ಳಿ ಅಂತಾನೆ, ಬಿಲ್ಲೆ ಕಿತ್ಕೊಂತಾನೆ. ಹೌದಾ ಅಲ್ವಾ?"

"ಅವನು ಕಟಕಟೆ ಹತ್ತುತ್ತಾನಲ್ಲ!"

"ಹತ್ತಲಿ. ನಾನು ಯಾವ ಮೆಟ್ಲು ಹತ್ತಲಿ? ನಿಮ್ದು ಸೇಡು ಸಾಬ್, ನಮ್ದು ಹೊಟ್ಟೆ. ನೀವು ಒಂದೇ ಮೇಜಿಗೆ ಎರಡೂ ತರ್ತೀರ."

ಎಂಥ ಮಾತು! ಎದ್ದು ಹೊರಟೆ. ಖಾದರ್ ಕೈ ಹಿಡಿದು ಕೂರಿಸಿದ. ಚಾ ಬಂತು. ಇವರ ಮನೆಯಲ್ಲಿ ಕುಡಿಯುವುದೇ ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟರಲ್ಲಿ ಕುಡಿದಾಗಿತ್ತು. ಏಲಕ್ಕಿ ಹಾಕಿದ್ದರು. ಒಂದು ಪುಟ್ಟ ಹುಡುಗಿ ಬಂದು ನನ್ನ ಪಂಚೆಯ ಅಂಚು ಹಿಡಿದು ನಿಂತಿತು. ಇನ್ನೂ ಎರಡು ತುಂಬಿಲ್ಲ, ಖುರ್ಷೀದ್ ಎಂದು ಹೆಸರು.

"ಇವಳು ಹುಟ್ಟಿದ ದಿನ ನಾನು ಕೆಲ್ಸದಲ್ಲಿದ್ದೆ ಅಂತ ಬರ್ದಿದೀರ ನೀವು" ಎಂದಳು ಬದ್ರುನ್ನೀಸಾ.

ಆಮೇಲೆ ಎದ್ದು ರೇಷನ್ ಕಾರ್ಡಿನ ಡಬ್ಬಿಯಿಂದ ಹೆರಿಗೆ ಆಸ್ಪತ್ರೆಯ ಚೀಟಿ ತೆಗೆದಳು. ಕೊಡಲಿಲ್ಲ. "ನಮ್ಮ ಮೇಲೆ ಬರದ ಹಾಗೆ ಹೇಳೋದು ಹೆಂಗೆ ಅಂತ ಮೊದ್ಲು ಯೋಚ್ನೆ ಮಾಡ್ಕೊಂಡು ಬನ್ನಿ, ಆಮೇಲೆ ಕೊಡ್ತೀನಿ."

೨೮ ಸೆಪ್ಟೆಂಬರ್, ಆಯುಧಪೂಜೆ

ಕತ್ತರಿಸುವ ಮಷೀನಿಗೆ ಕುಂಬಳಕಾಯಿ, ನನ್ನ ಹಾಜರಿ ಪುಸ್ತಕಕ್ಕೆ ಕುಂಕುಮ. ಸುಳ್ಳಿಗೂ ಮಂಗಳಾರತಿ ಆಯಿತು.

ಬದ್ರುನ್ನೀಸಾ ಕೇಳಿದ ಲೆಕ್ಕ ಬಿಡಿಸಿದೆ. ಬಿಲ್ಲೆಯವರು ಯಾರನ್ನೂ ಮೋಸ ಮಾಡಿಲ್ಲ, ಎಲ್ಲ ನನ್ನ ಕಣ್ಣೆದುರಿಗೇ ನಡೆದದ್ದು ಎಂದು ನಾನೇ ಹೇಳಿದರೆ ತಪ್ಪು ನನ್ನ ಕೊರಳಿಗೆ, ನನ್ನ ಕೊರಳಿನಿಂದ ಅಪ್ಪಣೆ ಕೊಟ್ಟವನ ಕೊರಳಿಗೆ. ಹೇಳಿದೆ. ಅವಳು ತಲೆಯಾಡಿಸಿ ಚೀಟಿ ಕೊಟ್ಟಳು. ಅದರ ಹಿಂದೆಯೇ ಉಳಿದವು ಬಂದವು. ಸೆರಗಿನ ಗಂಟಿನಿಂದ, ದೇವರ ಪಟದ ಹಿಂದಿನಿಂದ, ಮಡಿಕೆಯಲ್ಲಿ ಹರಿದವು, ಎಣ್ಣೆ ಕುಡಿದವು. ಅನಂತರಾಮು ಮನೆಗೆ ಹೋದ ಮೇಲೆ ಗೇಟಿನಲ್ಲಿ ಕೂತು ಒಂದೊಂದನ್ನೂ ಪುಸ್ತಕದ ಜೊತೆ ತಾಳೆ ನೋಡುತ್ತೇನೆ. ಬೇಟೆ ಸಿಕ್ಕ ಹಾಗೆ ಖುಷಿಯಾಗುತ್ತದೆ.

ಹನ್ನೊಂದನೆಯ ನಂಬರಿನ ಆಂಜನಮ್ಮನಿಗೆ ಹೋದ ವರ್ಷ ಗರ್ಭಪಾತವಾಗಿತ್ತಂತೆ. ಆ ವಾರ ಬಿಲ್ಲೆ ತಂದವಳು ಅವಳ ಅತ್ತೆ, ಕೈ ನಡುಗುವ ಮುದುಕಿ. ಅಂಟು ಚೆಲ್ಲಿದ್ದಕ್ಕೆ ನಾನು ಗದರಿದ್ದೆ. ಈಗ ನೆನಪಾಗುತ್ತಿದೆ, ಮುದುಕಿಯ ಮೂಗಿನಲ್ಲಿ ಎರಡು ಕಡೆಯೂ ಬೇಸರಿ ಮೂಗುತಿ ಇತ್ತು. ಮುಖ ನೋಡಿಯೇ ಇರಬೇಕು ನಾನು.

೩ ಅಕ್ಟೋಬರ್, ಭಾನುವಾರ

ಅನಂತರಾಮು ಮನೆಗೆ ಬಂದಿದ್ದ. ಸೇಬು ತಂದು ರಮಾಮಣಿಯ ಫೋಟೋದ ಮುಂದೆ ಇಟ್ಟು ಕೈ ಮುಗಿದ. ಅವಳಿಗೆ ಸೇಬು ಸೇರುತ್ತಿರಲಿಲ್ಲ.

"ನಾವಿಬ್ರೂ ಒಂದೇ ಬೆಂಚಲ್ಲಿ ಕೂತವ್ರು ಕಣೋ ಸೀನ. ಚೀಟಿ ಕೂಡಿಸ್ತಿದೀಯಂತೆ. ಕೊಡು, ಅಧಿಕಾರಿಗೆ ಕೊಡು. ಬದಲಿ ಕಳ್ಸಿ ಸಂಬಳ ತಿಂದಿದಾರೆ ಅಂತ ನಾನೇ ಹೇಳ್ತೀನಿ. ಹದಿನೇಳು ಬಿಲ್ಲೇನೂ ಕಿತ್ಕೊಳ್ತೀನಿ. ಬೇರೆ ಹದಿನೇಳು ಜನ ಸಿಗೋದು ಹಲಸೂರಲ್ಲಿ ಕಷ್ಟವಾ?"

"ನೀನೇ ಹೇಳಿದ್ದಲ್ವೇನೋ? ಬಿಲ್ಲೆ ನೋಡು, ಮುಖ ನೋಡ್ಬೇಡ ಅಂತ!" ಎಷ್ಟೋ ವರ್ಷಗಳ ಮೇಲೆ ಅವನನ್ನು ಏಕವಚನದಲ್ಲಿ ಕರೆದಿದ್ದೆ.

"ಎಲ್ಲಿ ಬರ್ದಿದೆ ತೋರ್ಸು. ಬರ್ದಿರೋದೆಲ್ಲ ನಿನ್ನ ಅಕ್ಷರ." ಚಪ್ಪಲಿ ಹಾಕಿಕೊಳ್ಳುತ್ತ ಮೆತ್ತಗೆ ಹೇಳಿದ: "ಅರ್ಜಿ ವಾಪಸ್ ತಗೋ. ಹೆಡ್ ಕ್ಲರ್ಕ್ ಮಾಡ್ತೀನಿ, ಫ್ಯಾನಿನ ಕೆಳಗೆ ಕೂತ್ಕೋ."

ಅವನು ಹೋದ ಮೇಲೆ ಖುರ್ಷೀದ್ ಪಂಚೆ ಹಿಡಿದದ್ದು ನೆನಪಾಯಿತು. ಏಳನೆಯ ಬಿಲ್ಲೆ ಹೋದರೆ ತಳ್ಳುಗಾಡಿಯ ಮೇಲೆ ಅವರ ಮನೆ ನಡೆಯದು. ಸೇಡಿಗೆ ಸಾಕ್ಷಿ ಉಳಿಯಬೇಕಲ್ಲ, ಅದಕ್ಕೇ ಈ ಚಿಂತೆ ಇರಬೇಕು. ಸೇಬನ್ನು ಮಂಜುಳಮ್ಮನವರ ಹಸುವಿಗೆ ಹಾಕಿದೆ.

೧೧ ಅಕ್ಟೋಬರ್, ಸೋಮವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ.

ನಾನು ಎದ್ದು ನಿಂತೆ. ಇಂಗ್ಲಿಷಿನಲ್ಲಿ ಹೇಳಬೇಕೆಂದು ಎರಡು ಹಾಳೆ ಬಾಯಿಪಾಠ ಮಾಡಿದ್ದೆ. 'ಐ ಸ್ಟ್ಯಾಂಡ್ ಬಿಫೋರ್ ಯು' ಎಂದಮೇಲೆ ಮುಂದೆ ಬರಲಿಲ್ಲ. ಕನ್ನಡದಲ್ಲೇ ಹೇಳಿದೆ. "ಈ ಪುಸ್ತಕದಲ್ಲಿ ಸುಳ್ಳಿದೆ ಸ್ವಾಮಿ. ಬದಲಿಯವರನ್ನ ಒಳಗೆ ಬಿಟ್ಟವನು ನಾನು. ಬೇರೆಯವರು ಅಂತ ಗೊತ್ತಿದ್ದೇ ಬಿಟ್ಟೆ. ಇವರು ಯಾರೂ ನನ್ನ ಕಣ್ಣಿಗೆ ಮಣ್ಣೆರಚಲಿಲ್ಲ. ಪಿ ಬರೆದ ಕೈ ನನ್ನದು, ಬರೆಸಿದ ಬಾಯಿ ಮಾಲೀಕರದು."

"ಸುಳ್ಳು" ಎಂದ ಅನಂತರಾಮು. "ನಾನು ಒಳಗೆ ಕೂತಿರೋನು. ಗೇಟಲ್ಲಿ ಯಾರು ಬರ್ತಾರೆ ಯಾರು ಹೋಗ್ತಾರೆ ನನಗೇನು ಗೊತ್ತು?"

ಬದ್ರುನ್ನೀಸಾ ಚೀಟಿಯನ್ನು ಮೇಜಿನ ಮೇಲಿಟ್ಟಳು. ೧೪ ಅಕ್ಟೋಬರ್ ೧೯೬೯, ಹೆಣ್ಣು ಮಗು. ಅಧಿಕಾರಿ ಪುಸ್ತಕ ತೆಗೆದರು. ಏಳನೆಯ ನಂಬರು, ಹದಿನಾಲ್ಕನೆಯ ತಾರೀಖು, ಪಿ.

"ಏನಮ್ಮಾ, ಹೆತ್ತು ಅಲ್ಲಿಂದ ಸೀದಾ ಅಂಟು ಹಚ್ಚಕ್ಕೆ ಬಂದ್ಯಾ?"

"ಪುಸ್ತಕದಲ್ಲಿ ನಾನು ಹೆತ್ತೇ ಇಲ್ಲ ಸಾಬ್."

ಅವರು ನಗು ತಡೆದುಕೊಂಡರು. ಇಷ್ಟಕ್ಕೆ ಕೂರಬಹುದಿತ್ತು. ಕೂರಲಿಲ್ಲ. "ಹೋದ ವರ್ಷ ಆಗಸ್ಟ್ ಇಪ್ಪತ್ತು ತೆಗೀರಿ. ಕೊನೆಯ ಸಾಲು, ಟೈಂಕೀಪರ್. ಅದೂ ಪಿ. ಅವತ್ತು ನನ್ನ ಹೆಂಡತಿ ಒಬ್ಬಳೇ ಮಲಗಿ ಸತ್ತಳು."

ಅನಂತರಾಮು ಥಟ್ಟನೆ ಮೇಲೆದ್ದ. "ಅದು ಸುಳ್ಳಲ್ಲ ಸ್ವಾಮಿ! ಅವನು ಬಂದಿದ್ದ. ಬೆಳಿಗ್ಗೆ ಏಳೂವರೆಗೇ ಬಂದ, ನೀಲಿ ಶರ್ಟು ಹಾಕಿದ್ದ. ನಾನೇ ಕಣ್ಣಾರೆ ನೋಡಿದೀನಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಗೇಟಲ್ಲಿ ಯಾರು ಬರ್ತಾರೆ ಅಂತ ನಿಮಗೆ ಗೊತ್ತೇ ಇಲ್ಲ ಅಂದ್ರಿ. ಒಂದು ವರ್ಷದ ಹಿಂದೆ ಇವರು ಹಾಕಿದ್ದ ಶರ್ಟು ಗೊತ್ತು. ಹೆರಿಗೆಯ ದಿನ ಏಳನೇ ನಂಬರಲ್ಲಿ ಬೇರೆ ಹೆಂಗಸು ಬಂದದ್ದು ಕಾಣ್ಲಿಲ್ವಾ?"

ಅನಂತರಾಮುವಿನ ಮುಖ ರಟ್ಟಿನ ಬಣ್ಣಕ್ಕೆ ತಿರುಗಿತು. ಅದನ್ನು ನೋಡಬೇಕೆಂದು ವರ್ಷವೆಲ್ಲ ಕಾದಿದ್ದೆ. ನೋಡಿದೆ.

ಸುಳ್ಳು ಪುಸ್ತಕದ ನನ್ನ ದೂರಿಗೆ ಅಧಿಕಾರಿ ಬೇರೆ ಕಡತ ತೆರೆಸಿದರು. ಇನ್ನು ಮೇಲೆ ಬದಲಿ ಕೂಡದು, ಬಿಲ್ಲೆ ತಂದವರ ಮುಖ ನೋಡಿಯೇ ಒಳಗೆ ಬಿಡಬೇಕು ಎಂದು ಆಜ್ಞೆ ಮಾಡಿದರು.

೧೨ ಅಕ್ಟೋಬರ್

ಮುನಿಆಂಜನಪ್ಪ ಜಿಲೇಬಿ ತಂದ. ತಿನ್ನಲಿಲ್ಲ. ಒಂಬತ್ತು ಪುಸ್ತಕದಲ್ಲಿ ಯಾರೂ ಅಲ್ಲಗಳೆಯಲಾಗದ ನಿಜ ಒಂದೇ. ಅನಂತರಾಮು ಹೇಳಿದ್ದು ಸರಿ. ನಾನು ಹೋಗಿದ್ದೆ. ನೀಲಿ ಶರ್ಟು, ಹಿಂದಿನ ದಿನ ನಾನೇ ಒಗೆದದ್ದು.

೨೧ ಅಕ್ಟೋಬರ್, ಗುರುವಾರ

ಬೆಳಿಗ್ಗೆ ಶಮೀಮ್ ಏಳನೆಯ ಬಿಲ್ಲೆ ಹಿಡಿದು ಬಂದಳು. ವಾಪಸು ಕಳಿಸಿದೆ. ಆಜ್ಞೆ. ಅವಳು ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ತಿರುಗಿ ನಡೆದಳು. ಹತ್ತು ಗಂಟೆಗೆ ಬದ್ರುನ್ನೀಸಾ ತಾನೇ ಬಂದಳು. ಮೈ ಕೆಂಡ. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಇಡೀ ದಿನ ಡಬ್ಬಿ ಅಂಟಿಸಿದಳು.

ರಜ ಇನ್ನೂ ಬಂದಿಲ್ಲ, ಬದಲಿ ಹೋಯಿತು. ಇದು ನನ್ನ ಕೆಲಸ. ಸಂಜೆ ಅವಳ ಜೊತೆ ಶಿವಾಜಿನಗರದವರೆಗೆ ಬಸ್ಸಿನಲ್ಲಿ ಹೋಗಿಬಂದೆ. ಅವಳ ಮನೆ ಅಲ್ಲೇ ಇದೆ, ನನಗೂ ಆ ಕಡೆ ಏನೋ ಕೆಲಸವಿತ್ತು.

೨೭ ಅಕ್ಟೋಬರ್, ಬುಧವಾರ

ಅಧಿಕಾರಿಯ ಮುಂದೆ ಅನಂತರಾಮು ರಾಜಿಗೆ ಬಂದ. ವರ್ಷಕ್ಕೆ ಏಳು ದಿನ ಕಾಯಿಲೆಯ ರಜ, ಸಂಬಳ ಸಹಿತ, ಹದಿನೇಳು ಜನಕ್ಕೂ. ಯಾರ ಬಿಲ್ಲೆಯನ್ನೂ ಮುಟ್ಟುವುದಿಲ್ಲ. ಆದರೆ ಸುಳ್ಳು ಪುಸ್ತಕದ ದೂರನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಬೇಕು, ಕೆಲಸವನ್ನೂ ಬಿಡಬೇಕು.

"ನೋ" ಎಂದೆ. "ಇವನು ಕೋರ್ಟಿಗೆ ಬರ್ಲೇಬೇಕು."

ಯೋಚಿಸಿ ಬನ್ನಿ ಎಂದರು. ಹೊರಗೆ ಮರದ ಕೆಳಗೆ ಬದ್ರುನ್ನೀಸಾ ಕೂತಿದ್ದಳು, ಜ್ವರ ಇಳಿದು ಕಣ್ಣು ಗುಳಿಬಿದ್ದಿತ್ತು. ಮುನಿಆಂಜನಪ್ಪ ಬೀಡಿಯನ್ನು ಹಚ್ಚದೆ ಹಿಡಿದುಕೊಂಡಿದ್ದ. ಹೇಳಿದೆ. ಒಪ್ಪಿಕೊಳ್ಳಿ ಎಂದು ಕಾಲಿಗೆ ಬೀಳುತ್ತಾರೆ, ಆಗ ಬೈಯಬಹುದು ಎಂದುಕೊಂಡಿದ್ದೆ.

"ನಿಮ್ಮ ಮನೆಯವ್ರ ವಿಷಯ ಸಾಬ್. ಬೇಡ ಅನ್ನಕ್ಕೆ ನಾನ್ಯಾರು?" ಎಂದಳು. "ಕೋರ್ಟು ಎಷ್ಟು ದಿನ ನಡೀತದೆ?"

"ಎರಡು ವರ್ಷ. ಮೂರು."

"ಅಲ್ಲಿ ತನ್ಕ ನಾವು ಯಾರೂ ಕಾಯಿಲೆ ಬೀಳಲ್ಲ" ಎಂದಳು. ಸಿಟ್ಟಿನಿಂದಲ್ಲ. ಒಂದು ವ್ಯವಸ್ಥೆ ಮಾಡಿಕೊಳ್ಳುವವರ ಹಾಗೆ.

ಒಳಗೆ ಹೋದೆ. ಎರಡು ಮಾತು ಸೇರಿಸಿದರೆ ಸಹಿ ಹಾಕುತ್ತೇನೆ ಎಂದೆ. ಒಂದು, ಏಳು ದಿನವೂ ತನ್ನ ಕಾಯಿಲೆಗೆ ಮಾತ್ರ ಅಲ್ಲ. ಗಂಡ, ಹೆಂಡತಿ, ಮಕ್ಕಳು, ಹೆತ್ತವರ ಕಾಯಿಲೆಗೂ. ಎರಡು, ಪ್ರತಿಯೊಂದು ಅರ್ಜಿಯ ಮೇಲೂ ಕಾರಣವನ್ನು ಮಾಲೀಕನೇ ಸ್ವಂತ ಕೈಯಿಂದ ಬರೆದು ಸಹಿ ಹಾಕಬೇಕು.

"ಇದೆಂಥ ಹುಚ್ಚೋ ಸೀನ? ಕಾರಣ ನಾನ್ಯಾಕೆ ಬರೀಲಿ?"

"ಬರಿ. 'ಹೆಂಡತಿಗೆ ಕಾಯಿಲೆ' ಅಂತ ಬರಿ. ಒಂದೊಂದು ಸಲಾನೂ ಬರಿ. ನನ್ನದನ್ನ ನೋಡಿ ಬರೆದ ಕೈಯಲ್ವಾ ಅದು, ಅಭ್ಯಾಸ ಆಗ್ಲಿ."

ಅಧಿಕಾರಿ ಟೈಪಿಸ್ಟನನ್ನು ಕರೆದರು. ಇಬ್ಬರೂ ಸಹಿ ಹಾಕಿದೆವು. ಹೊರಗೆ ಬಂದಾಗ ಮುನಿಆಂಜನಪ್ಪ ಬೀಡಿ ಹಚ್ಚಿದ.

ನಾನು ಕ್ಷಮಿಸಿಲ್ಲ. ಕಟಕಟೆಯಲ್ಲಾದರೆ ಅವನು ಒಂದೇ ಸಲ ನಿಲ್ಲುತ್ತಿದ್ದ. ಇದಾದರೆ ಅವನು ಬದುಕಿರುವವರೆಗೂ.

೧೪ ನವೆಂಬರ್, ಭಾನುವಾರ

ಕೆಲಸವಿಲ್ಲದ ಎರಡನೆಯ ವಾರ. ಬೆಳಿಗ್ಗೆ ಮುನಿಆಂಜನಪ್ಪ ಕೃಷ್ಣರಾಜಪುರದಿಂದ ಸೈಕಲ್ಲಿನಲ್ಲಿ ಬಂದ, ಮೈಯೆಲ್ಲ ಬೆವರು. ಹೆಂಡತಿಗೆ ಕಾಮಾಲೆ, ಏನು ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

"ಆ ರಜದ್ದು ಬರ್ಕೊಡಿ ಸೀನಪ್ಪನೋರೇ. ಒಂದಿನ ಸಾಕು. ಮಿಕ್ಕಿದ್ದು ಆಮ್ಯಾಕೆ ಇಟ್ಕತೀನಿ."

"ಆಮೇಲಕ್ಕೆ ಇಡ್ಬೇಡ. ಏಳೂ ತಗೋ. ಮನೇಲಿ ಕೂತ್ಕೋ."

ಹಾಳೆ ತೆಗೆದೆ. 'ರೆಸ್ಪೆಕ್ಟೆಡ್ ಸರ್, ಆ್ಯಸ್ ಮೈ ವೈಫ್' ಎಂದು ಬರೆದು, ಅಲ್ಲಿ ಹೆಸರು ಬರಬೇಕು, ಕೈ ತಾನೇ ಓಡಿತು. ನೋಡಿದರೆ 'ರಮಾಮಣಿ' ಎಂದಿತ್ತು. ಮುನಿಆಂಜನಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಕಾಯುತ್ತ ನಿಂತಿದ್ದ.

"ಏನಾಯ್ತು?"

"ಏನಿಲ್ಲ. ನಿನ್ನ ಹೆಂಡ್ತಿ ಹೆಸ್ರೇನು?"

"ವೆಂಕಟಲಕ್ಷ್ಮಿ."

ಬೇರೆ ಹಾಳೆಯಲ್ಲಿ ಅವನದನ್ನು ಬರೆದು ಮುಗಿಸಿದೆ. ಮೊದಲನೆಯದನ್ನು ಹರಿಯಲು ಹೊರಟವನು ಹರಿಯಲಿಲ್ಲ. ಅದನ್ನೂ ಪೂರ್ತಿ ಮಾಡಿದೆ. 'ಈಸ್ ಸಫರಿಂಗ್ ಫ್ರಮ್ ಟೈಫಾಯ್ಡ್ ಅಂಡ್ ದೇರ್ ಈಸ್ ನೋಬಡಿ ಎಲ್ಸ್ ಇನ್ ದಿ ಹೌಸ್.' ಎರಡು ದಿನದ ರಜ. ತಾರೀಖು ೧೯ ಆಗಸ್ಟ್ ೧೯೭೦. ಸಹಿ, ಶ್ರೀನಿವಾಸ, ಟೈಂಕೀಪರ್.

ಎರಡನ್ನೂ ಮಡಿಸಿ ಅವನ ಕೈಗಿತ್ತೆ. "ನಾಳೆ ಎರಡೂ ಅವನಿಗೇ ಕೊಡು. ಎರಡರ ಮೇಲೂ ಕಾರಣ ಬರೆಸು."

೧೭ ನವೆಂಬರ್, ಬುಧವಾರ

ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ಇಳಿದು ವಿಚಾರಿಸಿಕೊಂಡು ಮುನಿಆಂಜನಪ್ಪನ ಮನೆಗೆ ಹೋದೆ. ಮಧ್ಯಾಹ್ನ ಹನ್ನೆರಡು ಗಂಟೆ. ಅವನು ಹೆಂಡತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಮಚದಲ್ಲಿ ಎಳನೀರು ಕುಡಿಸುತ್ತಿದ್ದ. ನನ್ನನ್ನು ಕಂಡು ಏಳಲು ಹೋದ, ಬೇಡ ಎಂದೆ.

ಅವನ ಅರ್ಜಿಗೆ ಅನಂತರಾಮು ಸೋಮವಾರವೇ ಕಾರಣ ಬರೆದು ಸಹಿ ಹಾಕಿದನಂತೆ. ಇನ್ನೊಂದನ್ನು ಬಿಡಿಸಿ ಓದಿದನಂತೆ. ಪೆನ್ನಿನ ಮುಚ್ಚಳ ತೆಗೆದನಂತೆ. 'ಹೆಂಡತಿಗೆ' ಎಂದು ಬರೆದು ಅಲ್ಲಿಗೇ ನಿಲ್ಲಿಸಿ, ಹಾಳೆಯನ್ನು ವಾಪಸು ಕೊಡದೆ, ಡ್ರಾಯರಿನಲ್ಲಿ ಇಟ್ಟುಕೊಂಡನಂತೆ.

"ಇಸ್ಕೊಂಡು ಬರ್ಲಾ ಸೀನಪ್ಪನೋರೇ?"

"ಬೇಡ. ಅಲ್ಲೇ ಇರ್ಲಿ. ದಿನಾ ಡ್ರಾಯರ್ ತೆಗೀಬೇಕಲ್ಲ ಅವನು."

ವೆಂಕಟಲಕ್ಷ್ಮಿ ಕಣ್ಣು ಬಿಟ್ಟು, ಯಾರು ಬಂದಿದ್ದು ಎಂದಳು. ಕಣ್ಣಿನ ಹಳದಿ ಇನ್ನೂ ಹೋಗಿಲ್ಲ, ಆದರೆ ಕುಡಿಸಿದ್ದು ನಿಂತಿದೆ. ಅವನು ಉತ್ತರ ಹೇಳುವ ಮೊದಲು ಇನ್ನೊಂದು ಚಮಚ ಕುಡಿಸಿದ. ಅವಸರವೇನೂ ಇರಲಿಲ್ಲ, ರಜ ಇನ್ನೂ ನಾಲ್ಕು ದಿನ ಇತ್ತು.